ಆರ್‌ವಿಯ ಹೊರಗಿನ ಖಾನೆಗಳಲ್ಲಿ ಸಾಮಾನು ಹೇಗೆ ಜೋಡಿಸಿಡುತ್ತೀರಿ?

ಗಾಲಿಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಒಳಗೇ ಉಳಿದುಕೊಳ್ಳುವಂತೆ ಮನೆಯ ಹಾಗೆ ಸಜ್ಜಾದ ಗಾಡಿ (ಆರ್‌ವಿ), ಮಧ್ಯಮ ಗಾತ್ರದ ಮೋಟರ್‌ಹೋಮ್. ಹೊರಗಿನಿಂದ ಬಾಗಿಲು ತೆಗೆಯುವ ಖಾನೆಗಳ ಬಗ್ಗೆ ಸ್ವಲ್ಪ ಸಲಹೆ ಬೇಕಿತ್ತು. ಒಂದು ಖಾನೆ ಗಾಡಿಯ ಅಡಿಯಲ್ಲಿ ಆ ಬದಿಯಿಂದ ಈ ಬದಿಗೆ ಪೂರ್ತಿ ತೂರಿ ಹೋಗುತ್ತದೆ, ಎರಡೂ ಕಡೆ ಬಾಗಿಲಿದೆ. ನೀರು ಮತ್ತು ಕರೆಂಟಿನ ಜೋಡಣೆ ಇರುವ ಬದಿಯಲ್ಲಿ ಎರಡು ಚಿಕ್ಕವು. ಹಿಂದಿನ ಚಕ್ರ ದಾಟಿದ ಮೇಲೆ ಒಂದು ತುಂಬಾ ದೊಡ್ಡದು. ಗ್ಯಾಸ್ ಸಿಲಿಂಡರಿನ ಖಾನೆ ಬೇರೆ.

ಜಾಗಕ್ಕೇನೂ ಕಮ್ಮಿ ಇಲ್ಲ. ತೊಂದರೆ ಏನಂದರೆ, ಬೇಕಾದ ವಸ್ತು ಯಾವಾಗಲೂ ಬೇಡದ ವಸ್ತುವಿನ ಅಡಿಯಲ್ಲೇ ಇರುತ್ತದೆ. ಕರೆಂಟ್ ಕೇಬಲ್ ತೆಗೆಯಬೇಕು ಅಂದರೆ ಮೊದಲು ಮಡಚುವ ಕುರ್ಚಿ ಹೊರಗೆ ಬರಬೇಕು, ಕುರ್ಚಿಯ ಕಾಲಿಗೆ ನೀರಿನ ಪೈಪ್ ಸುತ್ತಿಕೊಂಡಿರುತ್ತದೆ, ಪೈಪ್ ಎಳೆದರೆ ಅದರ ಹಿಂದೆಯೇ ಟೂಲ್ ಬಾಕ್ಸ್ ಜಾರಿಕೊಂಡು ಬರುತ್ತದೆ. ಕತ್ತಲಾದ ಮೇಲೆ, ಅದೂ ಮಳೆಯಲ್ಲಿ ತಲುಪಿದರೆ ಇಷ್ಟನ್ನೂ ಒದ್ದೆ ನೆಲದ ಮೇಲೆ ಹರವಿಕೊಳ್ಳಬೇಕು.

ಕೇಳಬೇಕಾದದ್ದು ಇಷ್ಟು. ಯಾವ ಸಾಮಾನು ಯಾವ ಖಾನೆಗೆ ಅಂತ ನೀವು ಹೇಗೆ ತೀರ್ಮಾನ ಮಾಡುತ್ತೀರಿ? ಪ್ಲಾಸ್ಟಿಕ್ ಡಬ್ಬ ಒಳ್ಳೆಯದಾ, ಬಟ್ಟೆ ಚೀಲ ಒಳ್ಳೆಯದಾ? ಹಿಂದಿನ ದೊಡ್ಡ ಖಾನೆಗೆ ಭಾರದ್ದನ್ನೆಲ್ಲ ತುಂಬಿಬಿಟ್ಟರೆ ನಡೆಯುತ್ತದಾ? ಮತ್ತೆ, ಮಳೆಯಾದ ಮೇಲೆ ಒಳಗೆ ಮುಗ್ಗಲು ವಾಸನೆ ಬರುತ್ತಿದೆ. ಅದಕ್ಕೇನು ದಾರಿ?

ದೂರದಾರಿ:

ಡಬ್ಬದ ಮಾತು ಸದ್ಯಕ್ಕೆ ಬಿಡಿ. ಮೊದಲು ಎಲ್ಲ ಖಾನೆ ಖಾಲಿ ಮಾಡಿ, ಸಾಮಾನನ್ನು ಒಂದು ಟಾರ್ಪಾಲಿನ ಮೇಲೆ ಹರಡಿ. ಹಗ್ಗದ ಜೊತೆ ಹಗ್ಗ, ಪೈಪಿನ ಜೊತೆ ಪೈಪ್ ಅಂತ ವಿಂಗಡಿಸಲು ಹೋಗಬೇಡಿ. ನೋಡುವುದಕ್ಕೆ ಚೆಂದ, ಆದರೆ ಗಾಡಿ ನಿಲ್ಲಿಸಿದಾಗ ಒಂದೊಂದಕ್ಕೂ ಒಂದೊಂದು ಬಾಗಿಲು ತೆಗೆಯಬೇಕಾಗುತ್ತದೆ. ಯಾವುದು ಯಾವಾಗ ಕೈಗೆ ಬೇಕು ಅನ್ನುವುದನ್ನು ನೋಡಿ ಗುಂಪು ಮಾಡಿ.

ಗಾಡಿ ನಿಂತ ಮೇಲೆ ಏನೇನು ಮಾಡುತ್ತೀರಿ ನೆನಪಿಸಿಕೊಳ್ಳಿ. ನೆಲ ಮಟ್ಟ ಇಲ್ಲದಿದ್ದರೆ ಮೊದಲು ಚಕ್ರದಡಿಗೆ ಲೆವೆಲ್ ಬ್ಲಾಕ್. ಆಮೇಲೆ ಗಾಡಿ ಉರುಳದಂತೆ ಚಕ್ರಕ್ಕೆ ಅಡ್ಡ ಕೊಡುವ ತುಂಡುಗಳು. ಆಮೇಲೆ ಕರೆಂಟ್ ಕೇಬಲ್, ವೋಲ್ಟೇಜ್ ಒಮ್ಮೆಲೆ ಏರಿದರೆ ಕಾಯುವ ಸರ್ಜ್ ಪ್ರೊಟೆಕ್ಟರ್. ಆಮೇಲೆ ನೀರಿನ ಪೈಪ್, ನೀರಿನ ಒತ್ತಡ ತಗ್ಗಿಸುವ ಪ್ರೆಷರ್ ರೆಗ್ಯುಲೇಟರ್, ಫಿಲ್ಟರ್. ಕುರ್ಚಿ ಮೇಜು ಎಲ್ಲ ಇದಾದ ಮೇಲೆ. ಹೊರಡುವಾಗ ಇದೇ ಕೆಲಸ ತಿರುಗುಮುರುಗು ನಡೆಯುತ್ತದೆ ಅಲ್ವಾ? ಕುರ್ಚಿ ಮೊದಲು ಒಳಗೆ, ಬ್ಲಾಕ್ ಮೇಲಿಂದ ಗಾಡಿ ಇಳಿಸಿದ ಮೇಲೆ ಬ್ಲಾಕ್ ಕೊನೆಗೆ ಒಳಗೆ. ಅಂದರೆ ಬ್ಲಾಕಿಗೆ ಬಾಗಿಲ ಬುಡದಲ್ಲೇ ಒಂದು ಖಾಯಂ ಜಾಗ ಬಿಟ್ಟರೆ ಸಾಕು, ಕೊನೆಗೆ ಒಳಗೆ ಹೋದದ್ದು ಮುಂದಿನ ಸಲ ಮೊದಲು ಕೈಗೆ ಸಿಗುತ್ತದೆ.

ಹಾಗಾಗಿ ಜೋಡಣೆಯ ಬದಿಯ ಎರಡು ಚಿಕ್ಕ ಖಾನೆಗಳಲ್ಲಿ ಒಂದು ಕರೆಂಟ್ ಮತ್ತು ಕುಡಿಯುವ ನೀರಿಗೆ, ಇನ್ನೊಂದು ಟ್ಯಾಂಕಿನ ಹೊಲಸು ನೀರು ಹೊರಗೆ ಬಿಡುವ ಕೊಳಚೆ ಪೈಪಿಗೆ. ಇವೆರಡು ಯಾವ ಕಾರಣಕ್ಕೂ ಸೇರಬಾರದು. ತೂರಿ ಹೋಗುವ ಖಾನೆ ಉದ್ದನೆಯ ವಸ್ತುಗಳಿಗೆ: ಮೇಜು, ಕುರ್ಚಿ, ಏಣಿ, ಚಪ್ಪರದ ಕೋಲುಗಳು. ಆ ಖಾನೆಯ ನಡುಭಾಗ ಮಾತ್ರ ಹುಷಾರು, ಅಲ್ಲಿ ಹೋದದ್ದು ಎರಡೂ ಬಾಗಿಲಿನಿಂದ ಕೈಗೆಟುಕುವುದಿಲ್ಲ. ಉದ್ದದ ಸಾಮಾನಿಗೆ ಒಂದು ಪಕ್ಕ ಬಿಟ್ಟು, ಉಳಿದ ಅಗಲಕ್ಕೆ ನಡುವೆ ಪ್ಲೈವುಡ್ ಹಲಗೆ ನಿಲ್ಲಿಸಿ ಎರಡು ಭಾಗ ಮಾಡಿ. ಆ ಬದಿಯದು ಆ ಬದಿಗೆ, ಈ ಬದಿಯದು ಈ ಬದಿಗೆ.

ಇನ್ನೊಂದು. ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ ಬೇಕಾಗುವ ಟಾರ್ಚ್, ಎಚ್ಚರಿಕೆಯ ತ್ರಿಕೋನ, ಕೈಗವಸು, ಹೊಳೆಯುವ ಜಾಕೆಟ್ ಯಾವುದನ್ನೂ ವಾಹನಗಳು ಓಡಾಡುವ ಬದಿಯ ಖಾನೆಯಲ್ಲಿ ಇಡಬೇಡಿ. ಅದನ್ನು ತೆಗೆಯಲು ನೀವು ರಸ್ತೆಗೆ ಬೆನ್ನು ಮಾಡಿ ಬಗ್ಗಬೇಕಾಗುತ್ತದೆ. ಅವು ಗಾಡಿಯ ಒಳಗೆ, ಬಾಗಿಲ ಪಕ್ಕದಲ್ಲೇ ಇರಲಿ. ಬೆಂಕಿ ಆರಿಸುವ ಸಿಲಿಂಡರ್ ಕೂಡ ಅಲ್ಲೇ.

ಸ್ಪ್ಯಾನರ್:

ದೂರದಾರಿ ಅವರು ಹೇಳಿದ ಕ್ರಮ ಸರಿ, ಆದರೆ ಅದಕ್ಕಿಂತ ಮೊದಲು ತೂಕ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಹಿಂದಿನ ದೊಡ್ಡ ಖಾನೆಯ ಬಗ್ಗೆ ಕೇಳಿದಿರಲ್ಲ, ಅದಕ್ಕೆ ನೇರ ಉತ್ತರ: ಭಾರದ್ದು ಅಲ್ಲಿ ಬೇಡ.

ಒಂದು ಲೆಕ್ಕ ಹೇಳುತ್ತೇನೆ ನೋಡಿ. ಆಕ್ಸಲ್ ಅಂದರೆ ಎಡಬಲದ ಚಕ್ರಗಳನ್ನು ಹೊರುವ ಅಚ್ಚು. ಮುಂದಿನ ಆಕ್ಸಲ್‌ಗೂ ಹಿಂದಿನ ಆಕ್ಸಲ್‌ಗೂ 4 ಮೀಟರ್ ದೂರ ಅಂದುಕೊಳ್ಳಿ. ಹಿಂದಿನ ಆಕ್ಸಲ್‌ನಿಂದ 2 ಮೀಟರ್ ಹಿಂದಕ್ಕೆ 50 ಕಿಲೋ ಸಾಮಾನು ಇಟ್ಟಿರಿ. ಹಿಂದಿನ ಆಕ್ಸಲ್ ಮೇಲೆ ಬೀಳುವುದು 50 ಅಲ್ಲ, 75 ಕಿಲೋ. ಉಳಿದ 25 ಎಲ್ಲಿಂದ ಬಂತು ಅಂದರೆ ಮುಂದಿನ ಆಕ್ಸಲ್‌ನಿಂದ. ಅಲ್ಲಿ ಅಷ್ಟು ಭಾರ ಕಮ್ಮಿಯಾಗುತ್ತದೆ. ಮುಂದಿನ ಚಕ್ರಕ್ಕೆ ಭಾರ ಕಮ್ಮಿಯಾದಷ್ಟೂ ಸ್ಟೇರಿಂಗ್ ಹಿಡಿತ ಸಡಿಲ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಅದು ಚೆನ್ನಾಗಿ ಗೊತ್ತಾಗುತ್ತದೆ. ಹಿಂದಿನ ಟೈರ್ ಮಾತ್ರ ತನ್ನ ಮಿತಿ ದಾಟಿ ಬಿಸಿಯಾಗುತ್ತಿರುತ್ತದೆ.

ಹಾಗಾಗಿ ಟೂಲ್ ಬಾಕ್ಸ್, ಜಾಕ್, ನೀರಿನ ಕ್ಯಾನು, ಜನರೇಟರ್ ಇಂಥವೆಲ್ಲ ಎರಡು ಆಕ್ಸಲ್‌ಗಳ ನಡುವೆ, ಆದಷ್ಟು ಕೆಳಗೆ. ಎಡಕ್ಕೂ ಬಲಕ್ಕೂ ತೂಕ ಹೆಚ್ಚೂ ಕಮ್ಮಿ ಸಮ ಇರಲಿ. ಹಿಂದಿನ ಖಾನೆಗೆ ಹಾಸಿಗೆ, ಕಂಬಳಿ, ಟೆಂಟ್ ಬಟ್ಟೆ, ಗಾಳಿ ತೆಗೆದ ದೋಣಿ, ಹೀಗೆ ಜಾಗ ಜಾಸ್ತಿ ತಿನ್ನುವ, ಭಾರ ಇಲ್ಲದ ವಸ್ತುಗಳು. ಮೇಲಿನ ಕಪಾಟಿಗೂ ಹಗುರವಾದದ್ದೇ.

ಖಾನೆ ದೊಡ್ಡದಿದೆ ಅಂದ ಮಾತ್ರಕ್ಕೆ ತುಂಬಬಹುದು ಅಂತಲ್ಲ. ಗಾಡಿಯ ಮೇಲೆ ಒಟ್ಟು ತೂಕದ ಮಿತಿ, ಒಂದೊಂದು ಆಕ್ಸಲ್‌ನ ಮಿತಿ ಬರೆದ ಪಟ್ಟಿ ಇರುತ್ತದೆ. ಪ್ರಯಾಣಕ್ಕೆ ಹೊರಡುವ ಹಾಗೇ ಎಲ್ಲ ತುಂಬಿ, ಜನರೂ ಕೂತು, ಗಾಡಿ ಹತ್ತಿಸಿ ತೂಗುವ ವೇಬ್ರಿಡ್ಜ್‌ನಲ್ಲಿ ತೂಕ ಹಾಕಿಸಿ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ, ಆಮೇಲೆ ಪೂರ್ತಿ ಗಾಡಿ, ಆಮೇಲೆ ಹಿಂದಿನ ಚಕ್ರ ಮಾತ್ರ. ನೀರಿನ ಟ್ಯಾಂಕ್ ಮರೆಯಬೇಡಿ. ಒಂದು ಲೀಟರ್ ಅಂದರೆ ಒಂದು ಕಿಲೋ, 150 ಲೀಟರ್ ತುಂಬಿಸಿದರೆ ದೊಡ್ಡವರು ಇಬ್ಬರು ಹೆಚ್ಚಿಗೆ ಕೂತಷ್ಟು ಭಾರ.

ಎಳೆದುಕೊಂಡು ಹೋಗುವ ಟ್ರೇಲರ್ ಇರುವವರೂ ಇದನ್ನು ಓದುತ್ತಿರಬಹುದು, ಅವರಿಗೆ ಒಂದು ಮಾತು. ಅಲ್ಲಿ ಹಿಂಭಾರ ಇನ್ನೂ ಅಪಾಯ. ಬಾಲ ಭಾರವಾದರೆ ವೇಗದಲ್ಲಿ ಟ್ರೇಲರ್ ಎಡಬಲಕ್ಕೆ ತೂಗಾಡಲು ಶುರುವಾಗುತ್ತದೆ, ಒಮ್ಮೆ ಶುರುವಾದರೆ ಎಳೆಯುವ ಗಾಡಿಯನ್ನೂ ಅಲ್ಲಾಡಿಸುತ್ತದೆ. ಅಮೆರಿಕದ ಟ್ರಾವೆಲ್ ಟ್ರೇಲರ್‌ಗಳಿಗೆ ಒಟ್ಟು ತೂಕದ ಶೇ. 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕು ಅನ್ನುತ್ತಾರೆ, ಬ್ರಿಟನ್ನಿನ ಕ್ಯಾರವಾನ್‌ಗಳಿಗೆ ಶೇ. 5ರಿಂದ 7. ನಿಮ್ಮ ಗಾಡಿಯ ಪುಸ್ತಕದಲ್ಲಿ ಏನು ಬರೆದಿದೆಯೋ ಅದೇ ಕೊನೆ ಮಾತು.

ಗಾಲಿಮನೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸ್ಪ್ಯಾನರ್ ಅವರೇ, ಲೆಕ್ಕ ಕಣ್ಣಿಗೆ ಕಟ್ಟುವ ಹಾಗಿದೆ. ಟೂಲ್ ಬಾಕ್ಸ್ ಮತ್ತು ಜಾಕ್ ಇವತ್ತೇ ತೂರಿ ಹೋಗುವ ಖಾನೆಗೆ ಬರುತ್ತವೆ.

ಇನ್ನೆರಡು ಸಂದೇಹ. ಸಿಲಿಂಡರ್ ಖಾನೆಯಲ್ಲಿ ಪಕ್ಕಕ್ಕೆ ಒಂದಿಷ್ಟು ಜಾಗ ಸುಮ್ನೆ ಖಾಲಿ ಇದೆ, ಅಲ್ಲಿ ಚಿಕ್ಕಪುಟ್ಟ ಸ್ಪ್ರೇ ಡಬ್ಬಿ, ಬಟ್ಟೆ ಚಿಂದಿ ಇಟ್ಟುಕೊಳ್ಳಬಹುದಾ? ಕೊಳಚೆ ಪೈಪನ್ನು ನೀವೆಲ್ಲ ವಾಸನೆ ಬರದಂತೆ ಹೇಗೆ ಇಡುತ್ತೀರಿ?

ಹಸಿರುಗೂಡು:

ಸಿಲಿಂಡರ್ ಖಾನೆಯಲ್ಲಿ ಸಿಲಿಂಡರ್ ಬಿಟ್ಟು ಬೇರೇನೂ ಬೇಡ, ದಯವಿಟ್ಟು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ಕೆಳಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಅದಕ್ಕೇ ಆ ಖಾನೆಯ ತಳದಲ್ಲಿ ಕಿಂಡಿ ಬಿಟ್ಟಿರುತ್ತಾರೆ, ಗಾಡಿಯ ಒಳಭಾಗಕ್ಕೆ ಸಂದಿ ಇಲ್ಲದಂತೆ ಮುಚ್ಚಿರುತ್ತಾರೆ. ನೀವು ಇಟ್ಟ ಚಿಂದಿ ಬಟ್ಟೆ ಜಾರಿ ಆ ಕಿಂಡಿಯ ಮೇಲೆ ಕೂತರೆ ಸೋರಿದ ಗ್ಯಾಸ್ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಪಟ್ಟಿಯಿಂದ ಬಿಗಿದಿರಬೇಕು. ಆ ಖಾಲಿ ಜಾಗ ಖಾಲಿ ಇರುವುದೇ ಅದರ ಕೆಲಸ.

ಸ್ಪ್ರೇ ಡಬ್ಬಿಗಳ ಮೇಲೆ 50 ಡಿಗ್ರಿ ಸೆಲ್ಸಿಯಸ್ ದಾಟಬಾರದು ಅಂತ ಬರೆದಿರುತ್ತದೆ. ಬಿಸಿಲಿಗೆ ನಿಂತ ಗಾಡಿಯ ತಗಡಿನ ಬಾಗಿಲ ಹಿಂದೆ, ಅಥವಾ ಸೈಲೆನ್ಸರ್ ಪೈಪಿನ ಹತ್ತಿರದ ಖಾನೆಯಲ್ಲಿ ಅವನ್ನು ಬಿಡಬೇಡಿ. ಬ್ಯಾಟರಿ ಖಾನೆಯೂ ಹಾಗೇ. ನೀರು ಹಾಕುವ ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅಲ್ಲಿ ಗಾಳಿ ಆಡಬೇಕು, ಮತ್ತೆ ಸಡಿಲವಾದ ಒಂದು ಸ್ಪ್ಯಾನರ್ ಎರಡು ಟರ್ಮಿನಲ್‌ಗಳ ಮೇಲೆ ಬಿದ್ದರೆ ಕಿಡಿ ಹಾರುತ್ತದೆ. ಇನ್ವರ್ಟರ್ ಇರುವ ಕಡೆ ಸುತ್ತ ಕಂಬಳಿ ತುರುಕಬೇಡಿ, ಅದರ ಫ್ಯಾನಿಗೆ ಉಸಿರಾಡಲು ಜಾಗ ಬೇಕು. ನೀರಿನ ಪಂಪ್, ಫ್ಯೂಸ್ ಡಬ್ಬಿ ಎಲ್ಲಿವೆ ನೋಡಿಕೊಂಡು ಅದರ ಮುಂದೆ ಭಾರದ್ದು ಬರದಂತೆ ಜೋಡಿಸಿ.

ಕೊಳಚೆ ಪೈಪಿಗೆ: ಬಳಸಿದ ಮೇಲೆ ತೊಳೆದು, ಒಂದು ತುದಿ ಎತ್ತಿ ಹಿಡಿದುಕೊಂಡು ಇನ್ನೊಂದು ತುದಿಯವರೆಗೆ ನಡೆಯುತ್ತಾ ನೀರು ಪೂರ್ತಿ ಬಸಿಯಿರಿ. ಎರಡೂ ತುದಿಗೆ ಮುಚ್ಚಳ ಹಾಕಿ, ಮುಚ್ಚಳ ಇರುವ ಬೇರೆ ಡಬ್ಬದಲ್ಲಿಡಿ. ಅದರ ಕೈಗವಸು, ಅದರ ಜೋಡಣೆ ಎಲ್ಲ ಅದೇ ಡಬ್ಬದಲ್ಲಿ. ಆ ಕೈಗವಸು ಹಾಕಿಕೊಂಡ ಕೈಯಿಂದ ಕುಡಿಯುವ ನೀರಿನ ನಲ್ಲಿ ಮುಟ್ಟಲೇಬಾರದು. ಕುಡಿಯುವ ನೀರಿನ ಪೈಪನ್ನೂ ಬಸಿದು, ಸುರುಳಿ ಸುತ್ತಿ, ಎರಡು ತುದಿಗಳನ್ನು ಒಂದಕ್ಕೊಂದು ತಿರುಗಿಸಿ ಸೇರಿಸಿಬಿಡಿ. ಧೂಳೂ ಹೋಗುವುದಿಲ್ಲ, ಹುಳವೂ ಹೋಗುವುದಿಲ್ಲ, ಉಳಿದ ನೀರು ಖಾನೆಗೆ ತೊಟ್ಟಿಕ್ಕುವುದೂ ಇಲ್ಲ.

ಡಬ್ಬವೋ ಚೀಲವೋ ಅನ್ನುವುದಕ್ಕೆ ನನ್ನ ಓಟು ಡಬ್ಬಕ್ಕೆ. ಕೊಳ್ಳುವ ಮುಂಚೆ ಖಾನೆಯ ಒಳಗನ್ನಲ್ಲ, ಬಾಗಿಲ ತೆರೆದ ಜಾಗವನ್ನು ಅಳೆಯಿರಿ. ಬಾಗಿಲ ಚೌಕಟ್ಟು ಒಳಗಿನ ಜಾಗಕ್ಕಿಂತ ಸಾಮಾನ್ಯವಾಗಿ ಚಿಕ್ಕದು, ಕೆಳಗೆ ಒಂದು ತಗಡಿನ ಏಣು ಬೇರೆ ಎದ್ದಿರುತ್ತದೆ, ಡಬ್ಬವನ್ನು ಅದರ ಮೇಲೆ ಎತ್ತಿ ದಾಟಿಸಬೇಕು. ಒಳಗಿನ ಎತ್ತರಕ್ಕೆ ಸರಿಯಾಗಿ ಡಬ್ಬ ತಂದರೆ ಅದು ಒಳಗೇ ಹೋಗುವುದಿಲ್ಲ. ಬದಿ ನೆಟ್ಟಗಿರುವ, ಒಳಗಿನದು ಕಾಣುವ ಡಬ್ಬ ತನ್ನಿ. ಬುಡ ಕಿರಿದಾದದ್ದು ಜಾಗ ಹಾಳು ಮಾಡುತ್ತದೆ. ರಟ್ಟಿನ ಪೆಟ್ಟಿಗೆ ಮಾತ್ರ ಬೇಡವೇ ಬೇಡ, ತೇವ ಹೀರುತ್ತದೆ, ಇಲಿ ಜಿರಲೆಗೆ ಮನೆಯಾಗುತ್ತದೆ.

ದೂರದಾರಿ:

ಎಲ್ಲದಕ್ಕೂ ಡಬ್ಬ ಅನ್ನುವುದನ್ನು ನಾನು ಒಪ್ಪುವುದಿಲ್ಲ ಹಸಿರುಗೂಡು ಅವರೇ. ಚಕ್ರದ ಗೂಡು ಒಳಗೆ ಉಬ್ಬಿರುವ ಕಡೆ, ಮೂಲೆ ಸೊಟ್ಟಗಿರುವ ಕಡೆ ಚೀಲವೇ ಕೂರುವುದು. ಕೇಬಲ್‌ಗೆ, ಹಗ್ಗಕ್ಕೆ, ಬಟ್ಟೆಗೆ ಗಟ್ಟಿ ಕ್ಯಾನ್ವಾಸ್ ಚೀಲ ಸಾಕು. ಒದ್ದೆಯಾಗುವ ವಸ್ತುಗಳಿಗೆ ತೂತಿರುವ ಕ್ರೇಟ್ ಒಳ್ಳೆಯದು, ಮುಚ್ಚಿದ ಡಬ್ಬದಲ್ಲಿ ಒದ್ದೆ ಪೈಪ್ ಇಟ್ಟರೆ ವಾಸನೆ ಅಲ್ಲಿಂದಲೇ ಶುರು. ಕೊಳಚೆ ಪೈಪ್ ಒಂದಕ್ಕೆ ಮಾತ್ರ ಮುಚ್ಚಳ, ಅದು ಸರಿ. ಯಾವುದಾದರೂ ಸರಿ, ಅಡಿಗೆ ಜಾರದ ರಬ್ಬರ್ ಮ್ಯಾಟ್ ಹಾಸಿ, ಮುಂದೆ ಒಂದು ಎಲಾಸ್ಟಿಕ್ ಹಗ್ಗ ಅಥವಾ ಬಲೆ ಕಟ್ಟಿ. ತಿರುವಿನಲ್ಲಿ ಸಾಮಾನು ಬಾಗಿಲಿಗೆ ಒರಗಿರುತ್ತದೆ, ಬಾಗಿಲು ತೆಗೆದ ಕೂಡಲೇ ಕಾಲ ಮೇಲೆ ಬೀಳುತ್ತದೆ.

ಮುಗ್ಗಲು ವಾಸನೆ ಅಂದಿರಲ್ಲ, ನೀರು ಹೊರಗಿನಿಂದ ಬರುತ್ತಿದೆಯಾ, ಒಳಗೇ ಬೆವರುತ್ತಿದೆಯಾ ಅಂತ ಮೊದಲು ತಿಳಿದುಕೊಳ್ಳಿ. ಖಾನೆಯ ತಳಕ್ಕೆ ಒಣ ಪತ್ರಿಕೆ ಹಾಸಿ, ಬಾಗಿಲು ಹಾಕಿ, ಹೊರಗಿನಿಂದ ಪೈಪಿನಲ್ಲಿ ಬಾಗಿಲ ಸುತ್ತ ನೀರು ಬಿಡಿ. ಆಮೇಲೆ ಬಾಗಿಲು ಒರೆಸಿ ತೆಗೆದು ನೋಡಿದರೆ ಹಾಳೆ ಎಲ್ಲಿ ಒದ್ದೆಯಾಗಿದೆಯೋ ಅದರ ನೇರಕ್ಕೆ ಬಾಗಿಲ ಅಂಚಿನಲ್ಲಿರುವ ರಬ್ಬರ್ ಬೀಡಿಂಗ್ ಸರಿಯಿಲ್ಲ ಅಂತ. ಒಂದು ಕಾಗದದ ಪಟ್ಟಿಯನ್ನು ಬಾಗಿಲಿಗೆ ಸಿಕ್ಕಿಸಿ ಎಳೆದೂ ನೋಡಬಹುದು, ತಡೆಯಿಲ್ಲದೆ ಜಾರಿ ಬಂದರೆ ಅಲ್ಲಿ ಬೀಡಿಂಗ್ ಒತ್ತುತ್ತಿಲ್ಲ. ಕೆಲವು ಸಲ ಬೀಡಿಂಗ್ ಚೆನ್ನಾಗಿಯೇ ಇರುತ್ತದೆ, ಮೇಲೆ ಮಣ್ಣು ಕೂತಿರುತ್ತದೆ ಅಷ್ಟೇ. ಒರೆಸಿ ಸಿಲಿಕಾನ್ ಸ್ಪ್ರೇ ಹಚ್ಚಿ. ಹಾಳೆ ಒಣಗಿಯೇ ಇದ್ದು ಖಾನೆಯ ಮೇಲ್ಭಾಗದ ತಗಡಿನಲ್ಲಿ ಹನಿ ಕಂಡರೆ ಅದು ಬೆವರು. ಆಗ ಬೀಡಿಂಗ್ ಬದಲಿಸಿ ಉಪಯೋಗವಿಲ್ಲ, ತಳದಲ್ಲಿ ಗಾಳಿ ಆಡುವ ಜಾಲರಿ ಹಾಸಿ, ಒಣ ದಿನಗಳಲ್ಲಿ ಬಾಗಿಲು ತೆರೆದಿಡಿ.

ಸ್ಪ್ಯಾನರ್:

ಖಾನೆಗಳ ಬೀಗವನ್ನೂ ಒಮ್ಮೆ ನೋಡಿ. ಕೀಲಿಯ ಮೇಲೆ ಸಿಎಚ್751 ಅಂತ ಅಚ್ಚಾಗಿದೆಯಾ? ಅಮೆರಿಕದಲ್ಲಿ ತಯಾರಾದ ಬಹಳಷ್ಟು ಆರ್‌ವಿಗಳ ಖಾನೆಗೆ ಇದೇ ಒಂದು ಕೀಲಿ. ಪಕ್ಕದಲ್ಲಿ ನಿಂತ ಗಾಡಿಯವರ ಕೀಲಿಯೂ ನಿಮ್ಮ ಬಾಗಿಲು ತೆಗೆಯಬಹುದು.

ಗಾಲಿಮನೆ:

ಈಗಷ್ಟೇ ನೋಡಿದೆ, ಅದೇ ನಂಬರ್ ಇದೆ! ಬೀಗ ಮಾತ್ರ ಬದಲಿಸಬಹುದಾ, ಬಾಗಿಲೇ ಬದಲಿಸಬೇಕಾ?

ಸ್ಪ್ಯಾನರ್:

ಬಾಗಿಲು ಬೇಡ. ಒಳಗಿನಿಂದ ಒಂದು ನಟ್ ಬಿಚ್ಚಿದರೆ ಬೀಗ ಹೊರಗೆ ಬರುತ್ತದೆ. ಅದರ ಕೊಳವೆಯ ಉದ್ದ ಅಳೆದುಕೊಂಡು, ಹಿಂದೆ ತಿರುಗುವ ನಾಲಿಗೆ ನೆಟ್ಟಗಿದೆಯಾ ಬಾಗಿದೆಯಾ ನೋಡಿಕೊಂಡು ಅದೇ ಅಳತೆಯ ಬೇರೆ ಕೀಲಿಯ ಬೀಗ ತನ್ನಿ. ಎಲ್ಲ ಖಾನೆಗೂ ಒಂದೇ ಕೀಲಿ ಬರುವ ಸೆಟ್ ಸಿಗುತ್ತದೆ, ಅದನ್ನೇ ಕೇಳಿ. ಹಾಕಿದ ಮೇಲೆ ಬಾಗಿಲು ಮುಚ್ಚುವ ಮೊದಲು ಕೀಲಿ ತಿರುಗಿಸಿ ನಾಲಿಗೆ ಸರಿಯಾಗಿ ಆಡುತ್ತದೆಯಾ ನೋಡಿ.