ಡಾಲೆಕ್‌ಗಳು ಯಾರ ಪಾಲಿಗೆ?

ಲೆಸ್ಟರ್‌ನಲ್ಲಿರುವ ಭಾವ ನಮ್ಮ ಮನೆ ಗುಂಪಿಗೆ ಒಂದು ಚಿತ್ರ ಹಾಕಿದರು. ಹಳೇ 'ಡಾಕ್ಟರ್ ಹೂ' ಕಾಮಿಕ್ಸ್‌ನ ಪುಟ. ಕಾಲ, ಗ್ರಹ ಎಲ್ಲ ಸುತ್ತುವ 'ಡಾಕ್ಟರ್' ಅನ್ನುವವನ ಕಥೆ, ಬ್ರಿಟನ್ನಿನ ಟಿವಿ ಧಾರಾವಾಹಿ ಅದು. ಎಡಕ್ಕೆ ಕಪ್ಪು ಬಿಳುಪು, ಬಲಕ್ಕೆ ಅದೇ ಪುಟ ಢಾಳು ಬಣ್ಣದಲ್ಲಿ. ಕೆಳಗೆ ಯಾರೋ ಬರೆದ ಸಾಲು: 'ಅರವತ್ತರ ದಶಕದ ಕಲಾವಿದರ ಕೆಲಸಕ್ಕೆ ಎಐ ಬಣ್ಣ ಬಳಿದು ಮತ್ತೆ ಮಾರುತ್ತಿದ್ದಾರೆ, ಎಲ್ಲರಿಗೂ ಕಳಿಸಿ.' ಭಾವ ಕಳಿಸಿಯೇ ಬಿಟ್ಟರು. ಎಐ ತಮ್ಮ ಕೆಲಸಕ್ಕೂ ಕುತ್ತು ತರುತ್ತದೆ ಅಂತ ಅವರಿಗೆ ಚಿಂತೆ ಹತ್ತಿ ಬಹಳ ದಿನವಾಯಿತು. ಎಐ ಅಂತ ಬರೆದಿದ್ದರೆ ಸಾಕು, ಉಳಿದದ್ದನ್ನು ಅವರು ಓದುವುದಿಲ್ಲ.

ದೊಡ್ಡಪ್ಪ: 'ಹಿರಿಯರು ಮಾಡಿಟ್ಟ ಕೆಲಸವನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲ. ಈಗಿನವರಿಗೆ ತಾಳ್ಮೆಯೇ ಇಲ್ಲ. ಕಲಾವಿದ ಕಪ್ಪು ಬಿಳುಪಿನಲ್ಲಿ ಬರೆದಿದ್ದಾನೆ ಅಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ.' ಕೆಳಗೆ ಕೈಮುಗಿದ ಚಿತ್ರ, ಮೂರು ಹೂವು. ಇನ್ನೊಂದು ನಿಮಿಷಕ್ಕೆ: 'ಈ ಡಾಕ್ಟರ್ ಯಾವ ಊರಿನವರು?'

ಮಂಗಳೂರು ಅಕ್ಕ ಇಷ್ಟಕ್ಕೇ ಕಾಯುತ್ತಿದ್ದಳು. ಯಾವ ಫಾರ್ವರ್ಡ್ ಬಂದರೂ 'ಆಧಾರ ಎಲ್ಲಿ' ಅಂತ ಕೇಳುವವಳು ಅವಳೇ. ಕೊರೊನಾ ಕಾಲದಲ್ಲಿ ಕಷಾಯದ ವಿಷಯಕ್ಕೆ ದೊಡ್ಡಪ್ಪನ ಜೊತೆ ಜಗಳವಾಡಿ ಒಂದು ತಿಂಗಳು ಗುಂಪು ಬಿಟ್ಟು ಹೋಗಿದ್ದವಳು.

'ಭಾವ, ಪುಟದ ಕೆಳಗಿನ ಮೂಲೆ ದೊಡ್ಡದು ಮಾಡಿ ನೋಡಿದ್ದೀರಾ? ಮಾರ್ವೆಲ್, 1993 ಅಂತ ಅಚ್ಚಾಗಿದೆ. 1993ರಲ್ಲಿ ಯಾವ ಎಐ ಬಂದು ಬಣ್ಣ ಬಳಿಯಿತು?'

ಭಾವನ ಉತ್ತರ: 'ಅಕ್ಕನವರಿಗೆ ನಾನು ಹಾಕಿದ್ದೆಲ್ಲ ಸುಳ್ಳೇ.'

ನೋಡಿ, ಇಲ್ಲಿಗೇ ವಿಷಯ ತಪ್ಪಿತು. 1993 ಅಂತ ಅಚ್ಚಾಗಿದೆಯೋ ಇಲ್ಲವೋ ಅಂತ ಚಿತ್ರ ತೆರೆದು ನೋಡಿದವರು ಯಾರೂ ಇಲ್ಲ. ಅಕ್ಕ 'ನೀವು' ಅಂದ ಧಾಟಿ ಸರಿಯಿಲ್ಲ ಅಂತ ಚಿಕ್ಕಮ್ಮ ಬರೆದರು. ಅವರು ಗುಂಪಿನ ಅಡ್ಮಿನ್. ಅಳಿಯನನ್ನು ಯಾರೇನು ಅಂದರೂ ಅವರಿಗೆ ಮೊದಲು ನಾಟುತ್ತದೆ.

ಅಕ್ಕ ಬಿಡಲಿಲ್ಲ, ಉದ್ದಕ್ಕೆ ಬರೆದಳು. ಬಿಬಿಸಿಯಲ್ಲಿ 'ಡಾಕ್ಟರ್ ಹೂ' ಶುರುವಾದದ್ದು 1963ರ ನವೆಂಬರ್‌ನಲ್ಲಿ. ಮಾರನೇ ವರ್ಷವೇ 'ಟಿವಿ ಕಾಮಿಕ್' ಅನ್ನುವ ಮಕ್ಕಳ ವಾರಪತ್ರಿಕೆ ಅದರ ಚಿತ್ರಕಥೆ ಹಾಕಲು ಹಿಡಿಯಿತು. 1971ರಲ್ಲಿ ಡಾಕ್ಟರ್ 'ಕೌಂಟ್‌ಡೌನ್' ಪತ್ರಿಕೆಗೆ ಹೋದ. ಅದು ಹೆಸರು ಬದಲಿಸಿ 'ಟಿವಿ ಆ್ಯಕ್ಷನ್' ಆಯಿತು. 1973ಕ್ಕೆ ಮತ್ತೆ 'ಟಿವಿ ಕಾಮಿಕ್'. 1979ರಲ್ಲಿ ಮಾರ್ವೆಲ್‌ನ ಬ್ರಿಟಿಷ್ ಶಾಖೆ 'ಡಾಕ್ಟರ್ ಹೂ'ಗೇ ಅಂತ ಒಂದು ವಾರಪತ್ರಿಕೆ ತೆರೆಯಿತು. 1989ರಲ್ಲಿ ಬಿಬಿಸಿ ಧಾರಾವಾಹಿ ನಿಲ್ಲಿಸಿದ ಮೇಲೆ, 1992ರ ಡಿಸೆಂಬರ್‌ನಿಂದ ಅದೇ ಮಾರ್ವೆಲ್‌ನವರು 'ಡಾಕ್ಟರ್ ಹೂ ಕ್ಲಾಸಿಕ್ ಕಾಮಿಕ್ಸ್' ಅಂತ ಹಳೇ ಪುಟಗಳನ್ನೆಲ್ಲ ಹುಡುಕಿ ಮರುಮುದ್ರಣ ಮಾಡಿದರು. 1994ರವರೆಗೆ 27 ಸಂಚಿಕೆ. ಕಪ್ಪು ಬಿಳುಪಿನ ಎಷ್ಟೋ ಪುಟಗಳಿಗೆ ಆಗಲೇ ಬಣ್ಣ ಬಂತು, ಹಚ್ಚಿದವರು ಮನುಷ್ಯರೇ.

ಇಷ್ಟು ಬರೆಯಲು ಪಾಪ ಅವಳಿಗೆ ಎಷ್ಟು ಹೊತ್ತು ಹಿಡಿಯಿತೋ. ನನಗಂತೂ ಖುಷಿಯಾಯಿತು. ಟಿವಿಯಲ್ಲಿ ಕಥೆಯೇ ಇಲ್ಲದ ಹೊತ್ತಿನಲ್ಲಿ ಹಳೇ ವಾರಪತ್ರಿಕೆಗಳ ಕಂತೆ ಬಿಚ್ಚಿ ಓದುಗರ ಕೈಗೆ ಕೊಟ್ಟದ್ದು ಸಣ್ಣ ಕೆಲಸವೇನಲ್ಲ. ಬಣ್ಣ ಮಾತ್ರ ನನಗೂ ಹಿಡಿಸುವುದಿಲ್ಲ, ಮೂಲದ ಕಪ್ಪು ಗೆರೆಯೇ ಚೆಂದ. ಆದರೆ ಗುಂಪಿನಲ್ಲಿ ನನ್ನನ್ನು ಕೇಳುವವರು ಯಾರು?

ಅಕ್ಕನ ಬರಹದ ಕೆಳಗೆ ಬಂದದ್ದು ಶಿವಮೊಗ್ಗದ ಅಣ್ಣನ ಮೆಸೇಜು: 'ಸುಧಾದಲ್ಲಿ ಫ್ಯಾಂಟಮ್ ಬರುತ್ತಿತ್ತಲ್ಲ, ನೆನಪಿದೆಯಾ ಯಾರಿಗಾದರೂ?'

ಮುಗಿಯಿತು. ಫ್ಯಾಂಟಮ್, ಇಂದ್ರಜಾಲ ಕಾಮಿಕ್ಸ್, ಮ್ಯಾಂಡ್ರೇಕ್, ಬಾಲಮಂಗಳದ ಡಿಂಗ, ಚಂದಮಾಮದ ಬೇತಾಳ, ಎಲ್ಲರೂ ಮೆರವಣಿಗೆ ಹೊರಟರು. ವರ್ಷಗಟ್ಟಲೆ ಬಾಯಿ ಬಿಡದ ಹುಬ್ಬಳ್ಳಿ ಮಾವ ಕೂಡ 'ತಲೆಬುರುಡೆ ಉಂಗುರ' ಅಂತ ಎರಡೇ ಪದ ಹಾಕಿ ಮಾಯವಾದರು. ದೊಡ್ಡಪ್ಪ ಮಾತ್ರ ಪಟ್ಟು ಬಿಡದೆ, ಆ ಕಾಮಿಕ್ಸ್‌ಗಳಲ್ಲಿ ನೀತಿ ಇತ್ತು, ಈ ಇಂಗ್ಲಿಷ್ ಡಾಕ್ಟರ್ ಕಥೆಯಲ್ಲಿ ಏನಿದೆ ಅಂತ ಕೇಳಿದರು.

ಅಕ್ಕ: 'ದೊಡ್ಡಪ್ಪ, ನಿಮಗೆ ಇಷ್ಟ ಆಗುತ್ತದೆ. ಟಿವಿ ಕಾಮಿಕ್‌ನ ಡಾಕ್ಟರ್ ಒಬ್ಬ ಅಜ್ಜ. ಜಾನ್, ಗಿಲಿಯನ್ ಅಂತ ಇಬ್ಬರು ಮೊಮ್ಮಕ್ಕಳನ್ನು ಕಟ್ಟಿಕೊಂಡು ಗ್ರಹ ಗ್ರಹ ಸುತ್ತುತ್ತಾನೆ. ಈ ಮಕ್ಕಳು ಟಿವಿಯಲ್ಲಿ ಇರಲೇ ಇಲ್ಲ, ಕಾಮಿಕ್ಸ್‌ನಲ್ಲಿ ಮಾತ್ರ.'

ದೊಡ್ಡಪ್ಪನಿಗೆ ನಿಜಕ್ಕೂ ಖುಷಿಯಾಯಿತು. 'ಅಜ್ಜನ ಜೊತೆ ಮೊಮ್ಮಕ್ಕಳು ಇರಬೇಕು, ಅದೇ ಸರಿ' ಅಂದರು. ಅಕ್ಕ ಅಲ್ಲಿಗೆ ಸುಮ್ನೆ ಇದ್ದಿದ್ದರೆ ಆಗುತ್ತಿತ್ತು. 1968ರಲ್ಲಿ ಡಾಕ್ಟರ್ ಆ ಇಬ್ಬರನ್ನೂ ಬೇರೆ ಗ್ರಹದ ಯೂನಿವರ್ಸಿಟಿಗೆ ಸೇರಿಸಿ ತಾನು ಹೊರಟುಹೋದ ಅಂತಲೂ ಬರೆದಳು. 'ಗೊತ್ತಿತ್ತು,' ಅಂದರು ದೊಡ್ಡಪ್ಪ, 'ಕೊನೆಗೆ ಹಾಸ್ಟೆಲ್ಲೇ.' ಇದು ಚಿಕ್ಕಮ್ಮನಿಗೆ ಹೇಳಿದ್ದು ಅಂತ ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಚಿಕ್ಕಮ್ಮ ತಕ್ಷಣ ಟೈಪ್ ಮಾಡಲು ಶುರು ಮಾಡಿದರು, ಅಳಿಸಿದರು, ಮತ್ತೆ ಶುರು ಮಾಡಿದರು.

ಅಕ್ಕ ಮಾತು ಬದಲಿಸಲು ಡಾಲೆಕ್‌ಗಳನ್ನು ತಂದಳು. ಅದೇ ಎಡವಟ್ಟಾದದ್ದು. ಡಾಕ್ಟರ್‌ನ ದೊಡ್ಡ ಶತ್ರುಗಳು, ಲೋಹದ ಕವಚದೊಳಗೆ ಕೂತ ಜೀವಿಗಳು ಈ ಡಾಲೆಕ್‌ಗಳು. ಆದರೆ 'ಟಿವಿ ಕಾಮಿಕ್'ಗೆ ಮೊದಲು ಅವುಗಳ ಹಕ್ಕು ಇರಲಿಲ್ಲ. ಅವು 'ಟಿವಿ ಸೆಂಚುರಿ 21' ಅನ್ನುವ ಇನ್ನೊಂದು ವಾರಪತ್ರಿಕೆಯ ಪಾಲಿಗೆ ಹೋಗಿದ್ದವು. ಅಲ್ಲಿ 1965ರಿಂದ ಎರಡು ವರ್ಷ, ವಾರಕ್ಕೊಂದು ಬಣ್ಣದ ಪುಟದಂತೆ 104 ಕಂತು, ಬರೀ ಡಾಲೆಕ್‌ಗಳ ಕಥೆ, ಡಾಕ್ಟರ್ ಸುಳಿವೇ ಇಲ್ಲ. ಇತ್ತ ಡಾಕ್ಟರ್ ಇದ್ದ ಪತ್ರಿಕೆಯವರು ಬೇರೆ ದಾರಿ ಕಾಣದೆ 'ಟ್ರಾಡ್' ಅಂತ ತಮ್ಮದೇ ರೋಬೋಟ್‌ಗಳನ್ನು ಹುಟ್ಟಿಸಿಕೊಂಡರು. 1967ರಲ್ಲಿ ಹಕ್ಕು ಕೈಗೆ ಬಂದ ಕೂಡಲೇ ಡಾಲೆಕ್‌ಗಳ ಕೈಯಲ್ಲೇ ಆ ಟ್ರಾಡ್‌ಗಳನ್ನು ಮುಗಿಸಿಬಿಟ್ಟರು. 1992ರ ಮರುಮುದ್ರಣದಲ್ಲಿ ಎರಡೂ ಮನೆಯ ಪುಟಗಳು ಒಂದೇ ಪತ್ರಿಕೆಯೊಳಗೆ ಬಂದವು.

ನನ್ನ ಮಟ್ಟಿಗೆ ಆ ದಿನದ ಒಳ್ಳೇ ಕಥೆ ಇದೇ. ಚಿಕ್ಕಮ್ಮ ಮಾತ್ರ ಇದರಲ್ಲಿ ಹಿಡಿದದ್ದು ಒಂದೇ ಪದ.

'ಪಾಲು ಅಂದೆಯಲ್ಲ, ಕೆಲವರಿಗೆ ತೋಟ, ಕೆಲವರಿಗೆ ಟ್ರಾಡು. ನಮಗೆ ಗೊತ್ತಿರುವುದೇ.'

ಆಮೇಲೆ ತೋಟ ಬಂತು, ಬಾವಿ ಬಂತು, ಅಜ್ಜನ ಗಡಿಯಾರ ಬಂತು. ಅಣ್ಣ ಜಗಳ ಬಿಡಿಸುವ ಭರದಲ್ಲಿ, ಅಜ್ಜ ಸುಧಾದ ಫ್ಯಾಂಟಮ್ ಪುಟಗಳನ್ನು ಕತ್ತರಿಸಿ ಬೈಂಡ್ ಮಾಡಿಸಿದ್ದರಲ್ಲ, ಅದು ಯಾರ ಮನೆಯಲ್ಲಿದೆ, ಸ್ಕ್ಯಾನ್ ಮಾಡಿ ಎಲ್ಲರಿಗೂ ಕಳಿಸೋಣ ಅಂದ. ಒಳ್ಳೇ ಮನಸ್ಸಿನಿಂದಲೇ ಕೇಳಿದ್ದು.

ಅಕ್ಕ: 'ಅಟ್ಟ ಖಾಲಿ ಮಾಡಿಸಿದ್ದು ಭಾವ. ಅವರನ್ನೇ ಕೇಳು.'

ಭಾವ ಅಷ್ಟು ಹೊತ್ತು ಕಾಣಿಸಿರಲಿಲ್ಲ. ಬಂದವರು ಅಟ್ಟದ ಮಾತೇ ಎತ್ತಲಿಲ್ಲ. ಬದಲಿಗೆ ಎಲ್ಲಿಂದಲೋ ಹುಡುಕಿ ತಂದ ಒಂದು ಸಂಗತಿ ಇಟ್ಟರು. ಎಪ್ಪತ್ತರ ದಶಕದ ಕೊನೆಗೆ 'ಟಿವಿ ಕಾಮಿಕ್'ನವರು ಹೊಸ ಕಥೆ ಬರೆಸುವ ಬದಲು ಹಿಂದಿನ ಡಾಕ್ಟರ್‌ಗಳ ಕಥೆಗಳನ್ನೇ ಮತ್ತೆ ಹಾಕಿದ್ದರು, ಹಳೇ ಮುಖದ ಜಾಗದಲ್ಲಿ ಆಗ ಟಿವಿಯಲ್ಲಿ ಡಾಕ್ಟರ್ ಪಾತ್ರಕ್ಕಿದ್ದ ನಟ ಟಾಮ್ ಬೇಕರ್ ಮುಖ ಬರೆದು (ಆ ಪಾತ್ರದ ನಟರು ಆಗಾಗ ಬದಲಾಗುತ್ತಿದ್ದರು). ಮೈ ಒಬ್ಬನದು, ತಲೆ ಇನ್ನೊಬ್ಬನದು. ಇದು ನಿಜವೇ.

'ಈಗೇನು ಹೇಳುತ್ತೀರಿ? ಹಳೇ ಕೆಲಸ ಕೆಡಿಸಿ ಮಾರುತ್ತಾರೆ ಅಂತ ನಾನು ಹೇಳಿದ್ದು ಸರಿ ತಾನೇ?'

ಅಕ್ಕ: 'ನೀವು ಹೇಳಿದ್ದು ಎಐ, ಬಣ್ಣ, ಈಗಿನ ಕಾಲ. ಇದು ತಲೆ. ಅದೂ ಕೈಯಲ್ಲಿ ಬರೆದದ್ದು. ಹಾಗೆ ನೋಡಿದರೆ ಕ್ಲಾಸಿಕ್ ಕಾಮಿಕ್ಸ್‌ನವರೇ ವಾಸಿ, ಬಣ್ಣ ಹಚ್ಚಿದರೂ ಹಳೇದು ಅಂತ ಹೇಳಿಯೇ ಮಾರಿದರು.'

ಭಾವ: 'ತಲೆ ತೆಗೆದವರು ಬಣ್ಣ ಬಿಡುತ್ತಾರಾ?'

ಅಕ್ಕ: 'ಅಜ್ಜನ ಬೈಂಡ್ ಎಲ್ಲಿ?'

ಭಾವ: 'ಗೆದ್ದಲು ಹಿಡಿದಿತ್ತು. ರದ್ದಿಯವನು ಕೂಡ ಬೇಡ ಅಂದಿದ್ದ, ನಾನೇ ಒತ್ತಾಯ ಮಾಡಿ ಕೊಟ್ಟೆ.'

ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ. ಅಣ್ಣ ಅಳುವ ಮುಖ ಹಾಕಿದ. ದೊಡ್ಡಪ್ಪ ಆನ್‌ಲೈನ್ ಅಂತ ತೋರಿಸುತ್ತಿತ್ತು. ಹಿರಿಯರ ಕೆಲಸ, ಕಲಾವಿದನ ಶ್ರಮ ಅಂತ ಇನ್ನೊಂದು ಉದ್ದದ ಪಾಠ ಬರುತ್ತದೆ ಅಂತ ನಾನು ಕಾದೆ.

ದೊಡ್ಡಪ್ಪ: 'ಆ ರದ್ದಿ ದುಡ್ಡು ಯಾರ ಲೆಕ್ಕಕ್ಕೆ ಹೋಯಿತು?'