ನಡುವಿನ ಕಂಬಾ ಎತ್ತಬ್ಯಾಡವ್ವಾ

ಹಾಂ ತಂಗಿ, ಕಾಕಾ ಮಾತಾಡಾಕತ್ತೀನಿ. ನಿನ್ನ ಮೆಸೇಜ್ ಈಗ ನೋಡಿದೆ. ಗದಗ ಜಿಲ್ಲಾದ ಮಾಗಡಿ ಕೆರಿಗೆ ಹೊಂಟೀನಿ, ಅಲ್ಲಿಂದ ಕಪ್ಪತಗುಡ್ಡಕ್ಕ, ಒಂದು ಕೆಜಿ ಒಳಗಿನ ಟ್ರೈಪಾಡ್ ಆರ್ಡರ್ ಮಾಡೀನಿ, ಹೊಸಾ ಲೆನ್ಸ್ ತಡೀತದೋ ಬೀಳ್ತದೋ ಅಂತ ಹೆದರಿಕಿ ಆಗೇದ ಅಂತ ಬರದೀಯಲ್ಲಾ. ಹೆದರಿದ್ದು ಛಲೋನ ಆತು. ಇಷ್ಟೆಲ್ಲಾ ಬೆರಳಿನಿಂದ ಒತ್ತಕೋತ ಕೂಡೂದು ನನಗ ಆಗೂದಿಲ್ಲ, ಬಾಯಿಲೇ ಹೇಳ್ತೀನಿ. ಪೂರಾ ಕೇಳು, ನಿಮ್ಮಪ್ಪಗೂ ಕೇಳಸು.

ಕಪ್ಪತಗುಡ್ಡ ಅಂದಿ ನೋಡು, ಅದಕ್ಕ ಮೊದಲ ಅಲ್ಲೀದ ಹೇಳ್ತೀನಿ. ನಮ್ಮ ಜೋಡಿ ಫೋಟೊ ತಗಿಯಾಕ ಬರ್ತಿದ್ದ ಒಬ್ಬ ಹುಡುಗ, ನಿನ್ನಂಗ ಅಗದಿ ಹಗುರ ಟ್ರೈಪಾಡ್ ತಂದಿದ್ದ, ಐದು ತುಂಡಿನ ಕಾಲಿಂದು. ಗುಡ್ಡದ ಮ್ಯಾಲ ಆ ಗಾಳಿ ಫ್ಯಾನುಗಳನ್ನ ಸುಮ್ಮ ನಿಲ್ಲಿಸಿಲ್ಲವ್ವಾ, ಅಲ್ಲಿ ಗಾಳಿ ಒಮ್ಮಿಗೇ ಎದ್ದು ಬರ್ತದ. ಅವ ಏನ ಮಾಡಿದಾ, ಕಣ್ಣಿನ ಮಟಕ್ಕ ಬರಲಿ ಅಂತ ನಡುವಿನ ಕಂಬಾ, ಅಂದ್ರ ಮೂರು ಕಾಲಿನ ನಡುವಿಂದ ಮ್ಯಾಲ ಎಳಿಯೂ ಕೋಲು, ಪೂರಾ ಎತ್ತಿದಾ. ಇಳಿಜಾರಿನ ಕಡಿ ಒಂದ ಕಾಲು, ಮ್ಯಾಲಿನ ಕಡಿ ಎರಡು. ದೊಡ್ಡ ಜೂಮ್ ಲೆನ್ಸ್ ಹಾಕಿ, ಟ್ರೈಪಾಡಿಗೆ ಕೂಡಸೂ ಪ್ಲೇಟನ್ನ ಲೆನ್ಸಿನ ಕಾಲರಿಗೆ, ಅಂದ್ರ ಅದರ ಸುತ್ತಿನ ಪಟ್ಟಿಗೆ, ಹಾಕೋದು ಬಿಟ್ಟು ಕ್ಯಾಮೆರಾದ ತಳಕ್ಕ ಹಾಕಿದ್ದ. ವಜ್ಜಿ ಎಲ್ಲಾ ಮುಂದ. ಕ್ಯಾಮೆರಾ ಬೇಕಾದ ಕಡಿ ತಿರುಗಸೂ ಗುಂಡು, ಅಂದ್ರ ಬಾಲ್ ಹೆಡ್, ಎಷ್ಟು ಬಿಗದ್ರೂ ಮೂತಿ ಕೆಳಗ ಜಾರಾಕತ್ತಿತ್ತು. ನೀರಿನ ಬಾಟ್ಲಿ ತಗೊಳ್ಳಾಕ ಎರಡು ಹೆಜ್ಜಿ ಸರದಾ, ಗಾಳಿ ಬಂತು, ಹೋತು. ಕಲ್ಲಿನ ಮ್ಯಾಲ ಲೆನ್ಸ್ ಮದಲ ಬಿತ್ತು. ಲೆನ್ಸ್ ಕ್ಯಾಮೆರಾಕ್ಕ ಕೂಡೂ ಬಳಿ, ಅಂದ್ರ ಮೌಂಟ್, ಸೊಟ್ಟ ಆತು, ಕ್ಯಾಮೆರಾದ ಕಡಿ ಮೌಂಟಿನ ಸ್ಕ್ರೂ ಕಿತ್ತು ಬಂದ್ವು. ರಿಪೇರಿ ಮಾಡಿಸಿದ ಮ್ಯಾಲೂ ಫೋಟೊದಾಗ ಒಂದು ಬದಿ ಚೊಕ್ಕ, ಇನ್ನೊಂದು ಬದಿ ಮಬ್ಬು. ಒಳಗಿನ ಗಾಜು ಒಮ್ಮೆ ಸರದ್ರ ಹಂಗ ಆಗ್ತದ.

ಅದಕ್ಕ ಹೇಳಾಕತ್ತೀನಿ, ನಡುವಿನ ಕಂಬಾ ಎತ್ತಬ್ಯಾಡ. ಮೂರು ಕಾಲು ಅಗಲಾಗಿ ನಿಂತಿರ್ತಾವ ಅಂತ ಟ್ರೈಪಾಡಿಗೆ ಬಲ. ಕಂಬಾ ಎತ್ತಿದ್ರ ವಜ್ಜಿ ಅಷ್ಟೂ ಮ್ಯಾಲ ಹೋಗ್ತದ, ಕೆಳಗ ಕಾಲು ಇದ್ದಷ್ಟ ಅಗಲ ಇರ್ತಾವ. ಮೂರು ಕಾಲಿನ ಮ್ಯಾಲ ಒಂಟಿ ಕೋಲು ನಿಲ್ಲಿಸಿದಂಗ ಆತದು. ಬೀಳದಿದ್ರೂ ನಡಗ್ತದ, ಮತ್ತ ಶಟರ್ ತೆರದಿರೂ ಹೊತ್ತು 1/30 ರಿಂದ 1 ಸೆಕೆಂಡಿನ ನಡುವ ಇದ್ದಾಗ ಆ ನಡುಗು ಫೋಟೊದಾಗ ಎದ್ದು ಕಾಣ್ತದ.

ಇಳಿಜಾರಿನಾಗ ಎರಡು ಕಾಲು ಕೆಳಗಿನ ಕಡಿ, ಒಂದು ಮ್ಯಾಲಿನ ಕಡಿ. ಬೀಳೂದಾದ್ರ ಯಾವ ಕಡಿ ಬೀಳ್ತದೋ ಆ ಕಡಿ ಅಗಲ ಇರಬೇಕು. ಸಪಾಟ ನೆಲಾ ಇದ್ರ ಒಂದು ಕಾಲು ಲೆನ್ಸಿನ ಕೆಳಗ ಬರೂಹಂಗ ತಿರುವು, ಆಗ ನಿನಗೂ ನಿಂದ್ರಾಕ ಎರಡು ಕಾಲಿನ ನಡುವ ಜಾಗ ಸಿಗ್ತದ. ಕಾಲು ಉದ್ದ ಮಾಡೂದಾದ್ರ ಮ್ಯಾಲಿನ ದಪ್ಪ ಕೊಳವಿ ಮೊದಲ ಜಗ್ಗು, ಸಣ್ಣದು ಕಡೀಕ. ಕಂಬದ ಬುಡಕ್ಕ ಒಂದು ಕೊಕ್ಕಿ ಇರ್ತದ, ಬ್ಯಾಗ್ ಅದಕ್ಕ ಹಾಕು. ಆದ್ರ ತೂಗಾಡೂಹಂಗ ಹಾಕಬ್ಯಾಡ, ಗಾಳಿಗೆ ಬ್ಯಾಗ್ ಓಲಾಡಿದ್ರ ಟ್ರೈಪಾಡೂ ಅಲಗತದ. ಬ್ಯಾಗಿನ ತಳ ನೆಲಕ್ಕ ಸಲ್ಪ ತಾಗಿರಬೇಕು.

ಡಬ್ಬಿ ಮ್ಯಾಲ "8 ಕೆಜಿ, 10 ಕೆಜಿ ತಡೀತದ" ಅಂತ ಬರದಿರ್ತಾರಲ್ಲಾ, ಅದು ವಜ್ಜಿ ನೇರ ಮ್ಯಾಲಿಂದ ಇಟ್ಟಾಗಿನ ಮಾತು. ಗಾಳಿ, ನಡುಗು, ಲೆನ್ಸ್ ಮುಂದ ಬಾಗೂದು, ಇದ್ಯಾವುದೂ ಅದರಾಗ ಬರೂದಿಲ್ಲ. ನಿನ್ನ ಕ್ಯಾಮೆರಾ, ಆ ಹೊಸಾ 100-400 ಮಿಮೀ ಜೂಮ್ ಲೆನ್ಸ್ ಕೂಡಿ ಹತ್ತಿರ ಹತ್ತಿರ 2 ಕೆಜಿ ಆಗ್ತದ. ಅದಕ್ಕ ಕಮ್ಮಿ ಅಂದ್ರೂ ಮೂರು ಪಟ್ಟು ಬರದಿರೂದು ಬೇಕು. 6 ಕೆಜಿಕಿಂತ ಕಮ್ಮಿ ಇದ್ದದ್ದನ್ನ ಕೈಗೆ ತಗೊಳ್ಳಬ್ಯಾಡ, 8 ಇದ್ರ ಛಲೋ.

ಮಾಗಡಿ ಕೆರಿ ಮಾತು ಬ್ಯಾರೆ. 2024 ರಾಗ ಜಗತ್ತಿನ ಮಹತ್ವದ ಜವುಗು ಜಾಗಗಳ ರಾಮ್ಸರ್ ಪಟ್ಟಿಗೆ ಸೇರಿದ ಕೆರಿ ಅದು, ಚಳಿಗಾಲದಾಗ ಪಟ್ಟೆತಲಿ ಹೆಬ್ಬಾತು ಬರ್ತಾವ, ದಂಡಿಗೆ ಎದ್ದು ನಿಂತ್ರ ಹಾರಿ ಹೋಗ್ತಾವ. ಕುಂತು ತಗೀಬೇಕು, ಹಿಂಗಾಗಿ ಎತ್ತರದ ಕೆಲಸಾನ ಇಲ್ಲ, ಕಾಲು ಅಗಲ ಮಾಡಿ ಕೆಳಗ ಇಳಸು. ಎರಿ ಮಣ್ಣು ಗೊತ್ತದಲ್ಲಾ ನಿನಗ? ಹಸಿ ಇದ್ರ ಕಾಲು ಸಾವಕಾಶ ಒಳಗ ಇಳೀತಾವ, ಫ್ರೇಮ್ ಸೊಟ್ಟ ಆಗಾಕತ್ತಿದ್ದು ನಿನಗ ತಿಳಿಯೂದೂ ಇಲ್ಲ. ಒಣಗಿದ್ರ ಬಿರುಕಿನಾಗ ಕಾಲು ಸಿಗ್ತದ. ಅಂಗೈ ಅಗಲದ ಪ್ಲೈವುಡ್ ತುಂಡು ಮೂರು ಒಯ್ಯಿ, ಕಾಲಿನ ಕೆಳಗ ಇಡು. ಹಾರೂ ಹಕ್ಕಿ ತಗಿಯೂದಿದ್ರ ಟ್ರೈಪಾಡ್ ಬ್ಯಾಡ, ಒಂಟಿ ಕಾಲಿನ ಮೊನೊಪಾಡ್ ಸಾಕು. ಕೆಲವು ಟ್ರೈಪಾಡಿನ ಒಂದು ಕಾಲು ಬಿಚ್ಚಿ ಮೊನೊಪಾಡ್ ಮಾಡಾಕ ಬರ್ತದ, ಅಂಥಾದ್ದು ಸಿಕ್ರ ಎರಡೂ ಕೆಲಸಾ ಆತು.

ಇನ್ನ ನಮ್ಮ ಮನಿ ಮಂದಿ ಇರೂ ಈ ಗ್ರೂಪಿನ್ಯಾಗ ಒಂದು ಮಾತು ಹೇಳಬೇಕಾಗೇದ, ಎಲ್ಲಾರೂ ಕೇಳ್ರಿ. ನನ್ನ ಹಳೇ ಟ್ರೈಪಾಡ್ ನಮ್ಮನಿಯವರೇ ಗೋವಾಕ್ಕ ಒಯ್ದಿದ್ರಿ. ಯಾರು ಅಂತ ಹೇಳೂದಿಲ್ಲ. ಸಮುದ್ರದ ನೀರಾಗ ನಿಲ್ಲಿಸಿ, ಹಂಗ ಮಡಿಚಿ, ಚೀಲದಾಗ ತುಂಬಿ, ಬಾಗಲದಾಗ ಇಟ್ಟು ಹೋದ್ರಿ. ಉಸುಕು ಲಾಕಿನೊಳಗ ಹೊಕ್ಕು ಕಾಲು ತಿರುಗವೊಲ್ವು, ಉಪ್ಪು ಹಿಡದು ಸ್ಕ್ರೂ ಜಂಗು. "ಕಾಕಾ, ನೀರಾಗ ಇಟ್ಟಿದ್ವಿ" ಅಂತ ಒಂದು ಮಾತು ಹೇಳಿದ್ರ ಅವತ್ತ ತೊಳಿತಿದ್ದೆ. ಲಗ್ನ, ಸೀಮಂತ, ಹೆಸರಿಡೂದು ಅಂದ್ರ ಮದಲ ಕಾಕಾಗ ಫೋನ್ ಬರ್ತದ. ಸಾಮಾನು ತಿರುಗಿ ಕೊಡೂವಾಗ ಮಾತ್ರ ಯಾರಿಗೂ ಪುರಸೊತ್ತಿಲ್ಲ. ನನಗ ಭಾಳ ಕೆಟ್ಟ ಅನಸ್ತು, ಈಗರೆ ಹೇಳಿದೆ.

ತೊಳಿಯೂದು ದೊಡ್ಡ ಕೆಲಸಲ್ಲ. ತಿರುವು ಲಾಕ್ ಪೂರಾ ಬಿಚ್ಚಿ ಕಾಲಿನ ತುಂಡು ಜಗ್ಗಿ ತಗಿ. ಒಳಗಿಂದ ಸಣ್ಣ ಪ್ಲಾಸ್ಟಿಕ್ ಪಟ್ಟಿ ಎರಡು ಬರ್ತಾವ, ಅವು ಹೆಂಗ ಕುಂತಿದ್ವು ಅಂತ ಮೊಬೈಲಿನಾಗ ಫೋಟೊ ತಕ್ಕೊ, ಉಲ್ಟಾ ಹಾಕಿದ್ರ ಕಾಲು ಹಿಡಿಯೂದಿಲ್ಲ. ಸಿಹಿನೀರಿಲೆ ತೊಳದು, ಲಾಕಿನ ಮರಿಯೊಳಗ, ಅಂದ್ರ ತಿರುಪಿನ ಗೆರಿಯೊಳಗ, ಹಳೇ ಹಲ್ಲಿನ ಬ್ರಶ್ ಆಡಿಸಿ, ನೆರಳಾಗ ಒಣಗಸು. ಗ್ರೀಸ್ ಮರಿಗಷ್ಟ, ತೆಳ್ಳಗ. ಕೊಳವಿಗೆ ಎಣ್ಣಿ ಹಚ್ಚಬ್ಯಾಡ, ಮಣ್ಣೆಲ್ಲಾ ಅದಕ್ಕ ಅಂಟ್ತದ.

ಹಾಂ, ಹಾದಿಯೊಳಗ ಲಕ್ಕುಂಡಿಗೂ ಹೋಗ್ತೀರಿ ಅಂತ ನಿಮ್ಮವ್ವ ಅಂದ್ಳು. ಪುರಾತತ್ವ ಇಲಾಖೆಯ ಗುಡಿಗಳಾಗ ಟ್ರೈಪಾಡ್ ನಿಲ್ಲಸಾಕ ಮೊದಲ ಪರವಾನಗಿ ತಗೊಂಡಿರಬೇಕು. ಇಲ್ಲಾಂದ್ರ ಕಾರಿನಾಗ ಇಟ್ಟು ಹೋಗು.

ಅಯ್ಯ, ಯಾವುದು ತಗೋಬೇಕು ಅಂತ ಹೇಳೂದ ಉಳೀತು. ಆ ಒಂದು ಕೆಜಿ ಒಳಗಿಂದು ಬ್ಯಾಡ, ಹೆಡ್ ಕೂಡಿ 1.4 ರಿಂದ 1.6 ಕೆಜಿ ಇರೂದು ತಗೊ. ನಾಲ್ಕು ತುಂಡಿನ ಕಾಲು, ಐದು ಬ್ಯಾಡ. ಒಂದೊಂದು ತುಂಡಿಗೆ ಸುಮಾರು 3 ಮಿಮೀ ಸಣ್ಣ ಆಕ್ಕೋತ ಹೋಗ್ತದ. ಮ್ಯಾಲಿನ ಕೊಳವಿ 22 ಮಿಮೀ ಇದ್ರ ನಾಲ್ಕನೇದು 13, ಐದನೇದು 10. ಅಷ್ಟು ಸಣ್ಣದರ ಮ್ಯಾಲ 2 ಕೆಜಿ ಹೆಂಗ ನಿಂದ್ರತದ? ಕಂಬಾ ಎತ್ತದ ಕಾಲಿನ ಎತ್ತರ 125 ಸೆಂಮೀ ಇದ್ರ ನಿನಗ ಸಾಕು, ಹೆಡ್ಡು ಕ್ಯಾಮೆರಾ ಕೂಡಿ ಇನ್ನೊಂದು 20 ಆಗ್ತದ. ಮಡಿಚಿದ್ರ 40-45 ಸೆಂಮೀ, ಬ್ಯಾಗಿನ ಬದಿಗೆ ಕುಂದ್ರತದ. ಕಾರ್ಬನ್ ತಗೊಂಡ್ರ 200-300 ಗ್ರಾಂ ಉಳೀತದ, ರೊಕ್ಕ ಭಾಳ ಹೋಗ್ತದ. ನಿನಗ ಅಲ್ಯುಮಿನಿಯಮ್ ಸಾಕು. ಪ್ಲೇಟ್ ಆರ್ಕಾ ಅಳತೀದ, ಅಂದ್ರ ಭಾಳ ಹೆಡ್ಡಿಗೆ ಕೂಡೂವಂಥಾದ್ದು, ಇರಲಿ, ಲೆನ್ಸಿನ ಕಾಲರಿಗೆ ಉದ್ದ ಪ್ಲೇಟ್ ಬ್ಯಾರೆ ತಗೊ, ಹಿಂದ ಮುಂದ ಸರಸಿ ವಜ್ಜಿ ಸರಿ ಮಾಡಾಕ ಬರ್ತದ. ಮತ್ತೊಮ್ಮೆ ಹೇಳ್ತೀನಿ, ಯಾವ ಟ್ರೈಪಾಡ್ ತಗೊಂಡ್ರೂ ಗುಡ್ಡದ ಮ್ಯಾಲ ನಡುವಿನ ಕಂಬಾ ಎತ್ತಬ್ಯಾಡ.

ಆರ್ಡರ್ ಇನ್ನೂ ಹೊಂಟಿಲ್ಲಾಂದ್ರ ಈಗ ಕ್ಯಾನ್ಸಲ್ ಮಾಡು. ಸೋಮಾರ ಹುಬ್ಬಳ್ಳಿಗೆ ಬಾ, ಕ್ಯಾಮೆರಾ, ಆ ದೊಡ್ಡ ಲೆನ್ಸ್ ಎರಡೂ ತಗೊಂಡು ಬಾ, ಅಂಗಡಿಯೊಳಗ ಹಾಕಿ ನೋಡೂಣು. ಪರದೆಯೊಳಗ 10 ಪಟ್ಟು ದೊಡ್ಡದು ಮಾಡಿ ಲೆನ್ಸಿಗೆ ಬೆರಳಿಲೆ ಸಲ್ಪ ತಟ್ಟೂದು. ಒಂದೆರಡು ಸೆಕೆಂಡಿನಾಗ ಚಿತ್ರ ನಿಂತ್ರ ತಗೊಳ್ಳೂದು, ಇನ್ನೂ ಅಲಗಾಡಕೋತ ಇದ್ರ ಅಲ್ಲೇ ಬಿಡೂದು. ಕ್ಯಾನ್ಸಲ್ ಆತೋ ಇಲ್ಲೋ ಗ್ರೂಪಿನ್ಯಾಗ ಹಾಕು.