ಮರಿ ಪಾರಿವಾಳಗಳ ರೇಸ್: ದೂರದ ಲೆಕ್ಕ ಹೇಗೆ?

ಕುಂಬಳೆ_ಗೂಡು: ಕುಂಬಳೆಯಿಂದ ಕಾಸರಗೋಡುವರೆಗಿನ ಗೂಡುಗಳ ಈ ವರ್ಷದ ಮರಿಗಳಿಗೆ ರೇಸ್ ಇಡುವ ಯೋಚನೆ. ಉಡುಪಿಯಿಂದ ಬಿಟ್ಟರೆ ಕುಂಬಳೆಯವರಿಗೆ ದಾರಿ ಕಡಿಮೆಯಾಗುವುದಿಲ್ಲವಾ? ನೇರ ಭಟ್ಕಳದಿಂದಲೇ ಬಿಡಬಹುದಾ?

ಚಂದ್ರಗಿರಿ_ತೀರ: ಮೊದಲು ಬಂದದ್ದೇ ಗೆದ್ದಂತಲ್ಲ. ಪ್ರತಿ ಗೂಡಿಗೂ ಜಿಪಿಎಸ್‌ನಿಂದ ನೇರರೇಖೆಯ ದೂರ ತೆಗೆದು, ಹಾರಿದ ನಿಮಿಷಗಳಿಂದ ಭಾಗಿಸಿ. 84 ಕಿ.ಮೀ.ಗೆ 70 ನಿಮಿಷವಾದರೆ ನಿಮಿಷಕ್ಕೆ 1200 ಮೀಟರ್, 96 ಕಿ.ಮೀ.ಗೆ 78 ಆದರೆ ಸುಮಾರು 1231. ಎಂಟು ನಿಮಿಷ ತಡವಾಗಿ ಇಳಿದರೂ ಗೆದ್ದದ್ದು ಎರಡನೆಯದು. ಗಡಿಯಾರಗಳನ್ನೆಲ್ಲ ಹಿಂದಿನ ಸಂಜೆಯೇ ಒಟ್ಟಿಗೆ ಹೊಂದಿಸಿ, ಇಲ್ಲದಿದ್ದರೆ ಜಗಳ ಖಂಡಿತ.

ಉಪ್ಪಳದವ: ನೇರ ಭಟ್ಕಳ ಬೇಡ ಮಾರಾಯ್ರೆ, ಅರ್ಧ ಮರಿಗಳೂ ಬಾರವು. ಮೊದಲು 5, 10, 20 ಕಿ.ಮೀ., ಆಮೇಲೆ ಮಂಗಳೂರು, ಉಡುಪಿ, ಕುಂದಾಪುರ. ಎಲ್ಲ ಒಂದೇ ದಿಕ್ಕಿನಲ್ಲಿರಲಿ. ರೆಕ್ಕೆಯ ತುದಿಗರಿ ಉದುರುತ್ತಿರುವ ಮರಿಯನ್ನು ಬುಟ್ಟಿಗೆ ಹಾಕಲೇಬೇಡಿ. ಸಾಗಿಸುವಾಗ ಕಾಳು ಕಡಿಮೆ ಇರಲಿ, ನೀರು ಮಾತ್ರ ತಪ್ಪಬಾರದು. ಬೆಳಿಗ್ಗೆ ಮಂಜು ಕರಗಿದ ಮೇಲೆ ಬಿಡಿ; ಕಡಲ ಕಡೆ ಮಬ್ಬಿದ್ದರೆ ಗಂಟೆಗಟ್ಟಲೆ ಕಾಯುವುದೇ ಲೇಸು.

ಚಂದ್ರಗಿರಿ_ತೀರ: ಒಂದು ಬಿಟ್ಟುಹೋಯಿತು. ಕಾಲಿಗೆ ಈ ವರ್ಷದ ಮುಚ್ಚಿದ ರಿಂಗ್ (ವರ್ಷ ಕೊರೆದ, ಬಿಚ್ಚಲು ಬಾರದ ಬಳೆ) ಇಲ್ಲದ ಹಕ್ಕಿಯನ್ನು ಸೇರಿಸಬೇಡಿ. ಮರಿಗೆ ವಾರ ತುಂಬುವ ಹೊತ್ತಿಗೆ ಹಾಕಬೇಕು, ಪಾದ ಬೆಳೆದ ಮೇಲೆ ಅದು ಹೋಗುವುದಿಲ್ಲ. ಹಳೆಯ ಹಕ್ಕಿಯನ್ನು ಮರಿ ಎಂದು ತರುವವರಿಗೆ ಅದೇ ತಡೆ.